ಕಡಲತಳದ ಮಾತು: ನಾರ್ವೆಯ ಹುಡುಗರು, ನಮ್ಮ ಹುಡುಗರು

ಕಡಲತಳದ ಖನಿಜಗಳ ಮೇಲೆ ಕಣ್ಣಿಟ್ಟಿರುವ ಎರಡು ದೇಶಗಳ ನಂಟು ನನಗಿದೆ. ಹುಟ್ಟಿದ್ದು ಭಾರತದಲ್ಲಿ, ದುಡಿಯುವುದು ನಾರ್ವೆಯಲ್ಲಿ. ಎರಡೂ ಕಡೆ ಎಳೆಯರು ಸಮುದ್ರಕ್ಕಾಗಿ ಬೆವರು ಸುರಿಸುತ್ತಿದ್ದಾರೆ. ಆದರೆ ದೊಡ್ಡವರು ಅವರಿಗೆ ಬಿಟ್ಟುಕೊಟ್ಟಿರುವ ಜಾಗ ಮಾತ್ರ ಬೇರೆ ಬೇರೆ.

2024ರ ಜನವರಿಯಲ್ಲಿ ನಾರ್ವೆಯ ಸಂಸತ್ತು ಸುಮಾರು 2.8 ಲಕ್ಷ ಚದರ ಕಿಲೋಮೀಟರ್ ಕಡಲ ಪ್ರದೇಶವನ್ನು ಗಣಿಗಾರಿಕೆಗೆ ತೆರೆಯಲು ಒಪ್ಪಿತು. ಪರವಾಗಿ 80 ಮತ, ವಿರುದ್ಧ 20. ಇನ್ನೇನು ಮುಗಿಯಿತು ಎನ್ನುವಂತಿತ್ತು. ‘ನಾತೂರ್ ಓ ಉಂಗ್ಡುಮ್’ (ನಿಸರ್ಗ ಮತ್ತು ಯುವಜನ) ಎಂಬ ಪರಿಸರ ಸಂಘಟನೆಯ ಹುಡುಗ ಹುಡುಗಿಯರು ಕೈಚೆಲ್ಲಿ ಕೂರಲಿಲ್ಲ. 1967ರಲ್ಲಿ ಶುರುವಾದ ಈ ಸಂಘಟನೆ 25 ದಾಟದವರದ್ದು. ಅವರ ವಾದಕ್ಕೆ ಒಳ್ಳೆಯ ಆಧಾರವೂ ಇತ್ತು: ತೀರ್ಮಾನ ತೆಗೆದುಕೊಳ್ಳಲು ಬೇಕಾದಷ್ಟು ಮಾಹಿತಿ ಪರಿಸರ ವರದಿಯಲ್ಲಿಲ್ಲ ಎಂದು ಸರ್ಕಾರದ್ದೇ ಪರಿಸರ ಸಂಸ್ಥೆ 2023ರಲ್ಲಿ ಬರೆದುಕೊಟ್ಟಿತ್ತು. ಇಲ್ಲಿ ಇಂಥ ಪ್ರಸ್ತಾವಗಳಿಗೆ ಯಾರು ಬೇಕಾದರೂ ಲಿಖಿತ ಅಭಿಪ್ರಾಯ ಕಳಿಸಬಹುದು. ಶಾಲಾ ಹುಡುಗಿಯ ಪತ್ರವೂ ಕಂಪನಿಯ ಪತ್ರವೂ ಒಂದೇ ಕಡತಕ್ಕೆ ಸೇರುತ್ತವೆ. ನನಗೆ ಬಹಳ ಹಿಡಿಸಿದ್ದು ಇದೇ.

2024ರ ಡಿಸೆಂಬರಿನಲ್ಲಿ ಎಡಪಂಥದ ಸಣ್ಣ ಪಕ್ಷವೊಂದು ಬಜೆಟ್ ಬೆಂಬಲಕ್ಕೆ ಷರತ್ತು ಹಾಕಿ, ಮುಂದಿನ ವರ್ಷದ ಪರವಾನಗಿ ಹಂಚಿಕೆಯನ್ನು ನಿಲ್ಲಿಸಿತು. ಹುಡುಗರೇ ಗೆದ್ದರು ಎನ್ನಲಾರೆ, ಅದು ಸಂಖ್ಯಾಬಲದ ಆಟ. ಆದರೆ ವರ್ಷವಿಡೀ ವಿಷಯ ತಣ್ಣಗಾಗದಂತೆ ನೋಡಿಕೊಂಡವರಲ್ಲಿ ಅವರೂ ಇದ್ದರು.

ನಮ್ಮಲ್ಲಿ ಯುವಜನರ ಪಾಲಿಗೆ ಬರುವುದು ಕೈಕೆಲಸ. ಅದನ್ನು ಹಗುರ ಮಾಡಿ ಹೇಳುತ್ತಿಲ್ಲ. ತಮಿಳುನಾಡಿನ ಪಾಕ್ ಕೊಲ್ಲಿಯಲ್ಲಿ ಕಡಲಹುಲ್ಲು ನೆಡುವ ಬಗೆ ನೋಡಿ: ಬಿದಿರಿನ ಚೌಕಟ್ಟಿಗೆ ತೆಂಗಿನ ನಾರಿನ ಹಗ್ಗ ಬಿಗಿದು, ಅದಕ್ಕೆ ಹುಲ್ಲಿನ ಸಸಿಗಳನ್ನು ಒಂದೊಂದಾಗಿ ಕಟ್ಟಿ, ಮುಳುಗಿ ತಳದಲ್ಲಿ ಊರುತ್ತಾರೆ. ಬೇರು ಹಿಡಿಯುವಷ್ಟರಲ್ಲಿ ಹಗ್ಗ ತಾನೇ ಕೊಳೆತು ಮಣ್ಣಾಗುತ್ತದೆ. ಕಡಲಹಸು (ಡುಗಾಂಗ್) ಎಂಬ ಸಸ್ತನಿಯ ಮೇವು ಹೀಗೆ ಮರಳುತ್ತದೆ. ಇಷ್ಟು ನಾಜೂಕಿನ ಕೆಲಸವನ್ನು ನಾರ್ವೆಯವರು ನಮ್ಮಿಂದ ಕಲಿಯಬೇಕು.

ಆದರೆ ಆಳದ ಕಡಲಿಗೆ ಈ ಉಪಾಯ ನಡೆಯದು. ಅಲ್ಲಿ ಬಿದ್ದಿರುವ ಆಲೂಗಡ್ಡೆ ಗಾತ್ರದ ಖನಿಜದ ಗಂಟುಗಳು ಹತ್ತು ಲಕ್ಷ ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುತ್ತವೆ. ಪೆರುವಿನಾಚೆಯ ಪೆಸಿಫಿಕ್‌ನಲ್ಲಿ ವಿಜ್ಞಾನಿಗಳು 1989ರಲ್ಲಿ ಪರೀಕ್ಷೆಗೆಂದು ತಳವನ್ನು ಉತ್ತರು. 2015ರಲ್ಲಿ ಹೋಗಿ ನೋಡಿದರೆ ಗೆರೆಗಳು ಹಾಗೇ ಇದ್ದವು. ಅದೇ ಪ್ರದೇಶದಲ್ಲಿ, ನಾಲ್ಕು ಸಾವಿರ ಮೀಟರಿಗೂ ಆಳದಲ್ಲಿ, ಗಂಟಿಗೆ ಅಂಟಿ ಬೆಳೆದು ಸತ್ತ ಸ್ಪಂಜಿನ ಕಡ್ಡಿಗೆ ಮೊಟ್ಟೆಯಿಟ್ಟು ಕಾಯುವ ಆಕ್ಟೋಪಸ್ ಕಂಡಿದೆ. ಗಂಟನ್ನೇ ಎತ್ತಿ ತಂದರೆ ಅದು ಮೊಟ್ಟೆಯಿಡುವುದೆಲ್ಲಿ?

ಮಧ್ಯ ಹಿಂದೂ ಮಹಾಸಾಗರದಲ್ಲಿ ಇಂಥ ಗಂಟುಗಳ ಅನ್ವೇಷಣೆಗೆ ಭಾರತ 2002ರಲ್ಲೇ ಒಪ್ಪಂದ ಮಾಡಿಕೊಂಡಿದೆ. ಈಗ ಕೈಯಲ್ಲಿರುವುದು 75,000 ಚದರ ಕಿಲೋಮೀಟರ್. ಈ ಬಗ್ಗೆ ಕಾಲೇಜುಗಳಲ್ಲಿ ಮಾತೇ ಕೇಳಿಬರುವುದಿಲ್ಲ. ಕಡಲತೀರ ಸ್ವಚ್ಛಗೊಳಿಸಲು ಕೈಗವಸು, ಚೀಲ ಕೊಡುವ ನಾವು ಈ ಕಡತವನ್ನೂ ಅವರ ಮುಂದಿಡಬೇಕು. ಗಣಿಗಾರಿಕೆಗೆ ಅರ್ಜಿ ಹಾಕುವ ಮೊದಲು ಪರಿಸರ ವರದಿ ಕನ್ನಡದಲ್ಲೂ ಬರಲಿ, ಓದಿ ಬರೆಯಲು ಮೂರು ತಿಂಗಳು ಕೊಡಲಿ, ಬಂದ ಪ್ರತಿ ಪತ್ರವೂ ಎಲ್ಲರಿಗೂ ಓದಲು ಸಿಗಲಿ.