ಬಟನ್ ಹಾಕಿದರೆ ಆಯ್ತಾ?

ಅಕ್ಷರ ದೊಡ್ಡದು ಮಾಡುವ, ಬಣ್ಣ ಬದಲಿಸುವ ಬಟನ್ ಬಂದಮೇಲೆ ಸರ್ಕಾರಿ ವೆಬ್‌ಸೈಟ್‌ಗಳು ಅಂಧರಿಗೂ ಸುಲಭವಾಗಿವೆ ಎಂದು ಬರೆದಿದ್ದೀರಿ. ಒಪ್ಪುವುದು ಕಷ್ಟ. ನನಗೆ ಪೂರ್ತಿ ಕಣ್ಣು ಕಾಣುವುದಿಲ್ಲ, ಅಕ್ಷರ ಎಷ್ಟು ದೊಡ್ಡದಾದರೆ ನನಗೇನು? ಮಂದದೃಷ್ಟಿಯವರಿಗೂ ಆ ಕೆಲಸವನ್ನು ಬ್ರೌಸರೇ ಮಾಡಿಕೊಡುತ್ತದೆ, ಕಂಟ್ರೋಲ್ ಜೊತೆ ಪ್ಲಸ್ ಒತ್ತಿದರೆ ಸಾಕು.

ನಾನು ಬಳಸುವುದು ಎನ್‌ವಿಡಿಎ ಸ್ಕ್ರೀನ್ ರೀಡರ್, ಅಂದರೆ ಪರದೆಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ. ಅದು ಉಚಿತ, ಕನ್ನಡವನ್ನೂ ಓದುತ್ತದೆ. ಆದರೆ ಅರ್ಜಿಯಲ್ಲಿ ಖಾಲಿ ಜಾಗಕ್ಕೆ ಲೇಬಲ್, ಅಂದರೆ ರೀಡರ್ ಓದಬಲ್ಲ ಹೆಸರು, ಕೊಟ್ಟಿರದಿದ್ದರೆ ಬರೀ 'ಎಡಿಟ್, ಎಡಿಟ್' ಅನ್ನುತ್ತದೆ. ಅಲ್ಲಿ ಹೆಸರು ಬರೀಬೇಕೋ, ಪಿನ್‌ಕೋಡ್ ಬರೀಬೇಕೋ? ಕೊನೆಗೆ ಚಿತ್ರದಲ್ಲಿರುವ ಅಕ್ಷರ ನೋಡಿ ಟೈಪ್ ಮಾಡಬೇಕಾದ ಕ್ಯಾಪ್ಚಾ ಬಂತೆಂದರೆ ಪಕ್ಕದ ಮನೆಯವರನ್ನು ಕರೆಯಲೇಬೇಕು. ಒಟಿಪಿಯನ್ನೂ ಅವರಿಗೇ ಹೇಳಬೇಕು!

ಆದೇಶಗಳ ಪಿಡಿಎಫ್ ಕಥೆ ಇನ್ನೂ ಚೆಂದ. ಸ್ಕ್ಯಾನ್ ಮಾಡಿ ಹಾಕಿದರೆ ಅದು ಸುಮ್ನೆ ಫೋಟೊ, ರೀಡರ್ ತುಟಿ ಬಿಚ್ಚುವುದಿಲ್ಲ. ಕಂಪ್ಯೂಟರ್ ಕನ್ನಡವನ್ನು ಕನ್ನಡವೆಂದೇ ಗುರುತಿಸುವ ಯೂನಿಕೋಡ್‌ಗೆ ಮುಂಚಿನ ನುಡಿ ಫಾಂಟ್‌ನದಾದರೆ ನಿಮ್ಮ ಕಣ್ಣಿಗೆ ಕನ್ನಡ, ನನ್ನ ಕಿವಿಗೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಯೂನಿಕೋಡ್‌ನಲ್ಲಿ ಟೈಪ್ ಮಾಡಿ, ಸ್ಕ್ಯಾನ್ ಮಾಡದೆ ನೇರವಾಗಿ ಪಿಡಿಎಫ್ ಮಾಡಿದರೆ ಅರ್ಧ ತೊಂದರೆ ಹೋಗುತ್ತದೆ. ಇದಕ್ಕೆ ಟೆಂಡರ್ ಕರೆಯಬೇಕಿಲ್ಲ ಅಲ್ವಾ?

ಇದೇನು ನಾವು ಕೇಳುವ ಉಪಕಾರವೂ ಅಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ. ಡಿಜಿಟಲ್ ಸೇವೆ ಸಿಗುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗವೇ ಎಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ ಹೇಳಿದೆ. ಮುಂದಿನ ಸಲ ಬರೆಯುವ ಮುಂಚೆ ನಮ್ಮ ಹಾಗೆ ಮೌಸ್ ಪಕ್ಕಕ್ಕಿಟ್ಟು, ಬರೀ ಟ್ಯಾಬ್ ಕೀಲಿಯಲ್ಲಿ ಒಂದು ಅರ್ಜಿ ತುಂಬಿ ನೋಡಿ.