ಎಲ್ಲಾ ತಂದು ತಾಯಿ ತಲೆಗೆ ಕಟ್ಟಿದರೆ ಹೇಗೆ?

ಮೊದಲ ಎರಡು ವರ್ಷ ತಾಯಿಯ ಜೊತೆಗಿನ ಬಾಂಧವ್ಯ ಕೆಟ್ಟರೆ ದೊಡ್ಡವರಾದ ಮೇಲೆ ಬಾರ್ಡರ್‌ಲೈನ್ ವ್ಯಕ್ತಿತ್ವ ದೋಷ (ಭಾವನೆ, ಸಂಬಂಧಗಳು ಹಿಡಿತಕ್ಕೆ ಸಿಗದ ಮಾನಸಿಕ ತೊಂದರೆ) ಬಂದೇ ಬರುತ್ತದೆ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಒಪ್ಪುವುದು ಕಷ್ಟ ಸಾರ್. 1999ರಲ್ಲಿ ಪ್ರಕಟವಾದ ಜಾನ್ಸನ್ ತಂಡದ ನ್ಯೂಯಾರ್ಕ್ ಅಧ್ಯಯನದಲ್ಲಿ, ಬಾಲ್ಯದಲ್ಲಿ ದೌರ್ಜನ್ಯ ಅಥವಾ ನಿರ್ಲಕ್ಷ್ಯ ದಾಖಲಾಗಿದ್ದವರಿಗೆ ವ್ಯಕ್ತಿತ್ವ ದೋಷದ ಸಾಧ್ಯತೆ ಉಳಿದವರಿಗಿಂತ 4 ಪಟ್ಟು ಮೀರಿತ್ತು, ನಿಜ. ಸಾಧ್ಯತೆ ಹೆಚ್ಚು ಅಂದ ಮಾತ್ರಕ್ಕೆ ಅದು ಹಣೆಬರಹವೇ? ಅವಳಿಗಳ ಅಧ್ಯಯನಗಳು ತೋರಿಸಿರುವ ಆನುವಂಶಿಕತೆಯ ಪಾಲಂತೂ ಲೇಖನದಲ್ಲಿ ಸುದ್ದಿಯೇ ಇಲ್ಲ.

ನಮ್ಮದು ತೀರ್ಥಹಳ್ಳಿ ಕಡೆ. ಅಪ್ಪಯ್ಯ ಕುಡಿದು ಬಂದರೆ ಕೈಗೆ ಸಿಕ್ಕಿದ್ದರಲ್ಲಿ ಬಾರಿಸುತ್ತಿದ್ದರು, ಅಮ್ಮನಿಗೂ ಬೀಳುತ್ತಿತ್ತು. ನನ್ನನ್ನು ಅಜ್ಜಿ ಕೊಟ್ಟಿಗೆಗೆ ಎಳೆದೊಯ್ದು ಮಡಿಲಲ್ಲಿ ಕೂರಿಸಿಕೊಳ್ಳುತ್ತಿದ್ದರು. ತಮ್ಮ ಹುಟ್ಟುವ ಹೊತ್ತಿಗೆ ಅಜ್ಜಿ ಇರಲಿಲ್ಲ. ಅವನಿಗೆ ಶಿವಮೊಗ್ಗದಲ್ಲಿ ಚಿಕಿತ್ಸೆ ನಡೆಯುತ್ತಿದೆ. (ಒಂದು ಮನೆ ಕಥೆಯಿಂದ ಏನೂ ಸಾಬೀತಾಗಲ್ಲ, ಗೊತ್ತು.) ಆದರೆ ಮಗುವಿಗೆ ತಾಯಿಯಲ್ಲದೆ ಬೇರೆ ಆಸರೆಯೂ ಇರುತ್ತದೆಂದು ತಾಯಿ-ಮಗುವಿನ ಬಾಂಧವ್ಯದ ಸಿದ್ಧಾಂತ ಕೊಟ್ಟ ಮನೋವೈದ್ಯ ಬೌಲ್ಬಿಯವರೇ ಒಪ್ಪಿದ್ದರು.

ನಿಮ್ಮ ಲೇಖನ ಓದಿ ತಮ್ಮ "ಹಂಗಾರೆ ನಂದು ಮುಗೀತಲ್ಲ" ಅಂದ. ಡಿಬಿಟಿಯಂಥ (ಭಾವನೆಗಳನ್ನು ಹತೋಟಿಯಲ್ಲಿಡಲು ಕಲಿಸುವ ಮಾತುಕತೆಯ) ಚಿಕಿತ್ಸೆಯಿಂದ ಎಷ್ಟೋ ಜನ ಸುಧಾರಿಸುತ್ತಾರೆ ಅನ್ನುವ ಒಂದು ಸಾಲನ್ನಾದರೂ ದಯವಿಟ್ಟು ಸೇರಿಸಿ.