ಕಂಬಿಯಾಚೆಯ ಎರಡು ಹೆಜ್ಜೆ

ಕಡಲಂಚಿನ ದಾರಿಯಲ್ಲಿ ನಡೆದು ಜಲಪಾತ ನೋಡಿಬಂದವನು ನೀರಿನ ಫೋಟೋ ಹಾಕಿ ನಾಲ್ಕು ಒಳ್ಳೆಯ ಮಾತು ಬರೆಯುವುದು ವಾಡಿಕೆ. ಇವತ್ತು ನನ್ನಿಂದ ಅದು ಸಾಧ್ಯವಾಗುತ್ತಿಲ್ಲ. ಜಲಪಾತ ಚೆನ್ನಾಗಿಯೇ ಇತ್ತು, ಅದರ ಮೇಲೆ ನನ್ನದೇನೂ ದೂರಿಲ್ಲ. ಆದರೆ ಅದನ್ನು ನೋಡಲೆಂದೇ ಕಟ್ಟಿದ ಜಾಗದಲ್ಲಿ, ಎದೆಮಟ್ಟದ ಕಂಬಿಯ ಈಚೆ ಉಳಿದವರು ನಾನು ಮತ್ತು ಇನ್ನೊಂದಿಬ್ಬರು ವಯಸ್ಸಾದವರು ಮಾತ್ರ. ಮಿಕ್ಕವರೆಲ್ಲ ಸರದಿಯ ಪ್ರಕಾರ ಕಂಬಿ ದಾಟಿ, ಆಚೆಯ ಹುಲ್ಲಿನ ಮೇಲೆ ಎರಡು ಹೆಜ್ಜೆ ನಡೆದು, ಪ್ರಪಾತಕ್ಕೆ ಬೆನ್ನು ಕೊಟ್ಟು ನಿಂತು ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ನನ್ನ ಬಾಯಿ ಸುಮ್ಮನಿರುವುದಿಲ್ಲವೆಂಬುದು ನಿಮಗೆಲ್ಲ ಗೊತ್ತೇ ಇದೆ. ‘ಆ ಕಡೆ ಹೋಗಬೇಡಿ’ ಎಂದೆ. ‘ಏನೂ ಆಗಲ್ಲ ಬಿಡಿ ಅಂಕಲ್’ ಎಂಬ ಉತ್ತರ ಬಂತು.

ಅಂಕಲ್ ಎಂದದ್ದನ್ನು ಮನ್ನಿಸಬಲ್ಲೆ. ತಲೆ ನರೆತಿರುವುದು ನನಗೂ ಗೊತ್ತು. ಆದರೆ ಏನೂ ಆಗುವುದಿಲ್ಲ ಎಂಬ ತೀರ್ಪನ್ನು ಆ ಹುಡುಗ ಯಾವ ಆಧಾರದ ಮೇಲೆ ಕೊಟ್ಟ ಎಂಬುದು ಮನೆಗೆ ಬಂದ ಮೇಲೂ ನನ್ನನ್ನು ಕೆಣಕುತ್ತಿದೆ. ತನಗಿಂತ ಮುಂಚೆ ಹತ್ತು ಮಂದಿ ಅಲ್ಲಿ ನಿಂತು ವಾಪಸು ಬಂದಿದ್ದಾರೆ ಎಂಬುದಷ್ಟೇ ಅವನಲ್ಲಿದ್ದ ಆಧಾರ. ಹತ್ತು ಮಂದಿಯನ್ನು ಹೊತ್ತ ಮಣ್ಣು ಹನ್ನೊಂದನೆಯವನ ಕಾಲಿಗೆ ಇನ್ನಷ್ಟು ಗಟ್ಟಿಯಾಗಿ ಸಿಗುತ್ತದೆ ಎಂಬ ಗಣಿತವನ್ನು ಅವನು ಎಲ್ಲಿ ಕಲಿತನೋ ತಿಳಿಯದು.

ಅವನು ಒಮ್ಮೆ ಬಗ್ಗಿ ನೆಲ ನೋಡಿದ್ದರೂ ಸಾಕಿತ್ತು. ಕಂಬಿಗೂ ಅಂಚಿಗೂ ನಡುವೆ, ಅಂಚಿನ ಉದ್ದಕ್ಕೂ ನೆಲದಲ್ಲೊಂದು ಬಿರುಕು ಇತ್ತು. ಬೆರಳು ತೂರುವಷ್ಟು ಅಗಲ, ಅದಕ್ಕಿಂತ ಹೆಚ್ಚಿಲ್ಲ. ಹುಲ್ಲು ಅದರ ಮೇಲೆ ಬಾಗಿ ಮುಚ್ಚಿಕೊಂಡಿತ್ತು. ಕಡಲ ಗಾಳಿ ಜೋರಾಗಿ ಬೀಸಿ ಹುಲ್ಲು ಒಂದು ಕಡೆಗೆ ಮಲಗಿದಾಗ, ಬಿರುಕಿನ ಒಂದು ದಡದಿಂದ ಇನ್ನೊಂದು ದಡಕ್ಕೆ ಎಳೆದುಕೊಂಡಿದ್ದ ಬೇರುಗಳು ಕಾಣಿಸಿದವು, ಹೊಲಿಗೆ ಬಿಚ್ಚುತ್ತಿರುವ ಬಟ್ಟೆಯಲ್ಲಿ ದಾರದ ಎಳೆಗಳು ಕಾಣಿಸುವಂತೆ. ಆಚೆಯ ದಡ ಈಚೆಯದಕ್ಕಿಂತ ಅರ್ಧ ಅಂಗುಲ ತಗ್ಗಿತ್ತು. ಆ ತಗ್ಗಿದ ತುಂಡಿನ ಮೇಲೆ ಮೂವರು ಒಬ್ಬರ ಹೆಗಲ ಮೇಲೊಬ್ಬರು ಕೈಹಾಕಿಕೊಂಡು ನಿಂತಿದ್ದರು.

ಕಂಬಿಯನ್ನು ಅಂಚಿನಿಂದ ಅಷ್ಟು ದೂರ ನೆಟ್ಟವರು ಅಂಜುಬುರುಕರು ಎಂದು ಜನ ಭಾವಿಸುತ್ತಾರೆ. ಆದರೆ ಅಲೆ ಹೊಡೆಯುವುದು ಬಂಡೆಯ ತಲೆಗಲ್ಲ, ಬುಡಕ್ಕೆ. ಬುಡ ಕೊರೆದು ಒಳಕ್ಕೆ ಸರಿದ ಮೇಲೂ ಮೇಲಿನ ಪದರ ಬಹಳ ಕಾಲ ಹೊರಚಾಚಿಕೊಂಡೇ ಇರುತ್ತದೆ, ಮತ್ತು ಆ ಚಾಚಿದ ಭಾಗದ ಮೇಲೆ ಹುಲ್ಲು ಬೆಳೆದು ಅದು ಎಲ್ಲಕ್ಕಿಂತ ಭದ್ರವಾದ ನೆಲದಂತೆ ತೋರುತ್ತದೆ. ಮೇಲಿನಿಂದ ಮಳೆಯ ನೀರು ಬಿರುಕಿಗಿಳಿದು ಮಣ್ಣಿನ ಭಾರವನ್ನು ಹೆಚ್ಚಿಸಿ ಹಿಡಿತವನ್ನು ಸಡಿಲಿಸುತ್ತದೆ. ಹಾಗಾಗಿ ಮಳೆ ನಿಂತು ಚೆಂದದ ಬಿಸಿಲು ಬಿದ್ದ ದಿನ ಅಂಚು ಗಟ್ಟಿಯಾಗಿದೆ ಎಂದು ನಂಬಲು ಯಾವ ಕಾರಣವೂ ಇಲ್ಲ. ಪಕ್ಕದಲ್ಲಿ ಜಲಪಾತವಿದ್ದರಂತೂ ತುಂತುರು ನೀರಿಗೆ ಕಲ್ಲಿನ ಮೇಲೆ ಪಾಚಿ ಕಟ್ಟಿರುತ್ತದೆ, ಎಷ್ಟೇ ಒಳ್ಳೆಯ ಶೂ ಆದರೂ ಒದ್ದೆ ಪಾಚಿಯ ಮೇಲೆ ಅದರ ಹಿಡಿತವನ್ನು ನಂಬಲಾಗದು. ಇದಾವುದೂ ಮೇಲೆ ನಿಂತವನಿಗೆ ಕಾಣುವುದಿಲ್ಲ. ಅವನಿಗೆ ಕಾಣುವುದು ಹಸಿರು. ಅದೇ ಹಸಿರಿನ ಕೆಳಗಿನ ಪೊಳ್ಳು ಕಾಣುವುದು ಕೆಳಗೆ ದೋಣಿಯಲ್ಲಿ ಸಾಗುವವನಿಗೆ. ಕಂಬಿಯ ಜಾಗವನ್ನು ಗೊತ್ತುಮಾಡುವಾಗ ಕೆಳಗಿನ ನೋಟವನ್ನೂ ಲೆಕ್ಕಕ್ಕೆ ತೆಗೆದುಕೊಂಡಿರುತ್ತಾರೆ, ಫೋಟೋ ತೆಗೆಯುವವನು ತೆಗೆದುಕೊಂಡಿರುವುದಿಲ್ಲ. ನನ್ನ ಜಗಳವೆಲ್ಲ ಇಷ್ಟೇ.

ಕಡಲ ಬಂಡೆಗಳು ಶಾಶ್ವತವೆಂದು ನಂಬಿದವರಿಗೆ ಕ್ಯಾಲಿಫೋರ್ನಿಯಾದ ಬಿಗ್ ಸರ್ ಕರಾವಳಿಯಲ್ಲಿರುವ ಮೆಕ್‌ವೇ ಜಲಪಾತದ ಸಂಗತಿ ಹೇಳಬೇಕು. ಸುಮಾರು 80 ಅಡಿ ಎತ್ತರದ ಆ ಜಲಪಾತ ಹಿಂದೆ ನೇರವಾಗಿ ಸಮುದ್ರಕ್ಕೇ ಬೀಳುತ್ತಿತ್ತು. 1980ರ ದಶಕದ ಭೂಕುಸಿತದ ಮಣ್ಣುಕಲ್ಲುಗಳು ಬಂದು ತುಂಬಿದ ಮೇಲೆ ಅಲ್ಲೊಂದು ಮರಳು ದಂಡೆಯೇ ಹುಟ್ಟಿಕೊಂಡು, ನೀರು ಮರಳಿಗೆ ಬೀಳತೊಡಗಿತು. ನಮ್ಮ ಓರಗೆಯವರ ಜೀವಿತದೊಳಗೇ ಒಂದು ಕರಾವಳಿಯ ನಕ್ಷೆ ಬದಲಾದದ್ದು ಹೀಗೆ. ಕೆಳಗಿನ ಆ ದಂಡೆಗೆ ಇಳಿಯುವುದು ನಿಷಿದ್ಧ. ಬಂಡೆಯ ಪಕ್ಕದ ಕಾಲುದಾರಿಯಿಂದ ನೋಡಿ ಹಿಂತಿರುಗಬೇಕು. ಅಲ್ಲಿಯೂ ಬೇಲಿ ಹಾರುವವರಿದ್ದಾರೆ ಎಂಬುದು ಬೇರೆ ಮಾತು. ಈ ವಿಷಯದಲ್ಲಿ ಮನುಷ್ಯಕುಲ ಅದ್ಭುತವಾದ ಏಕತೆಯನ್ನು ಸಾಧಿಸಿದೆ.

ಪ್ರಕೃತಿಯ ನಡುವೆ ಬೇಲಿ ಏಕೆ, ಸಾಹಸವೇ ಬೇಡವೇ, ಎಲ್ಲವೂ ಫಲಕ ನೋಡಿಯೇ ಮಾಡಬೇಕೇ ಎಂದು ಕೇಳುವವರು ನನ್ನ ಗೆಳೆಯರಲ್ಲೂ ಇದ್ದೀರಿ. ಎಲ್ಲೆಂದರಲ್ಲಿ ಬೇಲಿ ಬೇಡ ಎನ್ನುವ ವಾದದಲ್ಲಿ ಹುರುಳಿದೆ ಎಂದು ಒಪ್ಪುತ್ತೇನೆ. ಕಂಬಿಯಾಚೆಯಿಂದ ಫೋಟೋ ಹೆಚ್ಚು ಚೆನ್ನಾಗಿ ಬರುತ್ತದೆ ಎಂಬುದನ್ನೂ ಒಪ್ಪುತ್ತೇನೆ, ಮತ್ತು ನನ್ನ ಸಿಟ್ಟಿನಲ್ಲಿ ಒಂದು ಪಾಲು ಅದೇ ಹೊಟ್ಟೆಕಿಚ್ಚು ಎಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಆದರೆ ಹಗ್ಗ ಕಟ್ಟಿಕೊಂಡು, ಬಂಡೆಯ ಗುಣ ಅರಿತು, ಪಳಗಿದವರ ಜೊತೆ ಇಳಿಯುವುದನ್ನು ಸಾಹಸ ಎನ್ನಬಹುದು. ಸವೆದ ಚಪ್ಪಲಿಯಲ್ಲಿ ಹಿಂದೆಹಿಂದೆ ಹೆಜ್ಜೆಯಿಡುತ್ತ ಫೋನಿನ ಪರದೆಯಲ್ಲಿ ತನ್ನ ಮುಖ ನೋಡಿಕೊಳ್ಳುವುದಕ್ಕೂ ಸಾಹಸಕ್ಕೂ ಏನು ಸಂಬಂಧ? ಸುದ್ದಿ ವರದಿಗಳನ್ನು ಕಲೆಹಾಕಿ ಮಾಡಿದ ಅಧ್ಯಯನವೊಂದರಲ್ಲಿ 2011ರ ಅಕ್ಟೋಬರಿನಿಂದ 2017ರ ನವೆಂಬರ್‌ವರೆಗೆ ಸೆಲ್ಫಿ ತೆಗೆಯಲು ಹೋಗಿ 259 ಮಂದಿ ಸತ್ತ ಲೆಕ್ಕ ಸಿಕ್ಕಿದೆ. ನೀರಿನಲ್ಲಿ ಮುಳುಗಿದವರು ಅದರಲ್ಲಿ ಎಲ್ಲರಿಗಿಂತ ಹೆಚ್ಚು, ಎತ್ತರದಿಂದ ಬಿದ್ದವರೂ ಕಡಿಮೆಯಿಲ್ಲ. ಅವರಲ್ಲೊಬ್ಬನಾದರೂ ಏನಾದರೂ ಆಗುತ್ತದೆ ಎಂದುಕೊಂಡು ಹೋಗಿದ್ದನೇ?

ಕಣ್ಣಿಗೆ ಬೀಳದ್ದು ಇಲ್ಲವೇ ಇಲ್ಲ ಎಂಬ ಈ ಧೋರಣೆ ಅಂಚಿನಲ್ಲಿ ಮಾತ್ರವಲ್ಲ, ದಾರಿಯುದ್ದಕ್ಕೂ ನಮ್ಮ ಜೊತೆ ಬರುತ್ತದೆ. ಜಲಪಾತದ ದಾರಿಯೆಂದ ಮೇಲೆ ಎಲ್ಲೋ ಒಂದು ಕಡೆ ಹಳ್ಳ ದಾಟಲೇಬೇಕಾಗುತ್ತದೆ. ತಲೆಯ ಮೇಲೆ ನೀಲಿ ಆಕಾಶ, ಕಾಲ ಕೆಳಗೆ ಮೊಣಕಾಲಿಗೂ ಬಾರದ ನೀರು. ಮೇಲಿನ ಬೆಟ್ಟದಲ್ಲಿ ಸುರಿಯುತ್ತಿರುವ ಮಳೆ ದಾಟುವವನ ಕಣ್ಣಿಗೆ ಬೀಳುವುದಿಲ್ಲ. ಹವಾಯಿಯ ಕವಾಯಿ ದ್ವೀಪದಲ್ಲಿ ಕಲಾಲೌ ಎಂಬ 11 ಮೈಲಿ ಉದ್ದದ ಪ್ರಸಿದ್ಧ ಕಡಲ ದಾರಿಯಿದೆ. ಅದರ ಎರಡನೆಯ ಮೈಲಿಯಲ್ಲಿ ಹನಕಾಪಿಯಾಯಿ ಎಂಬ ಹಳ್ಳ ದಾಟಬೇಕು, ಅದೇ ಹಳ್ಳದ ಮೇಲ್ಭಾಗದಲ್ಲಿ ಸುಮಾರು 300 ಅಡಿಯ ಜಲಪಾತವಿದೆ. 2014ರ ಏಪ್ರಿಲ್‌ನಲ್ಲಿ ಆ ಹಳ್ಳ ಏಕಾಏಕಿ ಉಕ್ಕಿ, 120ಕ್ಕೂ ಹೆಚ್ಚು ಚಾರಣಿಗರು ಆಚೆ ದಡದಲ್ಲೇ ಸಿಕ್ಕಿಬಿದ್ದು, ಅವರನ್ನು ರಕ್ಷಣಾ ಸಿಬ್ಬಂದಿ ಕರೆತರಬೇಕಾಯಿತು. ತಿಳಿಯಾಗಿದ್ದ ನೀರು ಕೆಂಪಾದರೆ, ತರಗೆಲೆ ಕಡ್ಡಿಗಳು ತೇಲಿಬಂದರೆ, ಸದ್ದು ಬದಲಾದರೆ ದಾಟುವ ಯೋಚನೆ ಬಿಟ್ಟು ಎತ್ತರದಲ್ಲಿ ಕೂರಬೇಕು. ಅಂಥ ನೀರು ಹೆಚ್ಚಾಗಿ ಕೆಲವು ಗಂಟೆಗಳಲ್ಲಿ ಇಳಿದುಹೋಗುತ್ತದೆ, ಆದರೆ ನಮ್ಮವರಿಗೆ ಆ ಕೆಲವು ಗಂಟೆಗಳೇ ಬಲು ದುಬಾರಿ.

ಕಡಲೂ ಹಾಗೆಯೇ. ನಿನ್ನೆ ಇಳಿತ ಕಂಡ ಹೊತ್ತಿಗೇ ಇವತ್ತೂ ಇಳಿತವಿರುತ್ತದೆ ಎಂದು ಹೊರಡುವಂತಿಲ್ಲ, ದಿನಕ್ಕೆ ಸುಮಾರು 50 ನಿಮಿಷ ಅದು ಮುಂದಕ್ಕೆ ಹೋಗುತ್ತದೆ; ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ಉಬ್ಬರ ಇನ್ನೂ ಮೇಲೇರಿ, ಬರುವಾಗ ಒಣಗಿದ್ದ ಬಂಡೆಯ ಬುಡದ ದಾರಿ ಹೋಗುವಾಗ ಮುಳುಗಿರುತ್ತದೆ. ದೂರದ ಬಿರುಗಾಳಿ ಎಬ್ಬಿಸಿದ ದೊಡ್ಡ ಅಲೆ ಹತ್ತು ಸಣ್ಣ ಅಲೆಗಳ ಹಿಂದೆ ಬರುತ್ತದೆ, ಆದ್ದರಿಂದ ಒದ್ದೆಯಾಗಿರುವ ಬಂಡೆ ಎಷ್ಟೇ ಶಾಂತವಾಗಿ ಕಂಡರೂ ಅಲೆ ಅಲ್ಲಿಯವರೆಗೆ ಬಂದುಹೋಗಿದೆ ಎಂದೇ ತಿಳಿಯಬೇಕು.

ಇನ್ನು ಹಿಂದಿರುಗುವ ಹೊತ್ತಿನ ಬಗ್ಗೆ ಬರೆದರೆ ‘ಮೇಷ್ಟ್ರು ಶುರುಮಾಡಿದರು’ ಎನ್ನುತ್ತೀರಿ. ಹೊರಡುವಾಗಲೇ ತಿರುಗುವ ವೇಳೆ ಗೊತ್ತುಮಾಡಿ, ಆ ವೇಳೆಯಾದರೆ ಜಲಪಾತ ಕಾಣದಿದ್ದರೂ ತಿರುಗಬೇಕು. ಟಾರ್ಚು, ಸೀಟಿ, ನೀರು ಚೀಲದಲ್ಲಿರಬೇಕು. ಎಲ್ಲಿಗೆ ಹೋಗುತ್ತೇವೆಂದು ಮನೆಯಲ್ಲಿ ಒಬ್ಬರಿಗೆ ಹೇಳಿರಬೇಕು. ಬಂಡೆಗಳ ಮರೆಯಲ್ಲಿ ಫೋನಿಗೆ ಸಿಗ್ನಲ್ ಸಿಗದಿರುವುದು ಸಾಮಾನ್ಯ. ಇಷ್ಟು ಸಾಕು.

ನನ್ನನ್ನು ಎಲ್ಲಕ್ಕಿಂತ ಹೆಚ್ಚಾಗಿ ಕೆರಳಿಸುವುದು ‘ನನ್ನ ಜೀವ, ನನ್ನಿಷ್ಟ’ ಎಂಬ ಮಾತು. ಕಂಬಿ ದಾಟಿದವನು ಬಿದ್ದಾಗ ಅವನನ್ನೋ ಅವನ ದೇಹವನ್ನೋ ತರಲು ಹಗ್ಗ ಕಟ್ಟಿಕೊಂಡು ಇಳಿಯುವವರು ಅದೇ ಸಡಿಲ ಬಂಡೆಯ ಮೇಲೆಯೇ ಇಳಿಯಬೇಕು, ಅವರ ಮನೆಯಲ್ಲೂ ಕಾಯುವವರಿರುತ್ತಾರೆ. ಆ ಹೊತ್ತಿನಲ್ಲಿ ಇದು ಯಾರ ಜೀವ, ಯಾರ ಇಷ್ಟ? ಮೊನ್ನೆಯ ಹುಡುಗನ ಜೊತೆ ಏಳೆಂಟು ವರ್ಷದ ಅವನ ತಂಗಿಯೂ ಇದ್ದಳು. ಅಣ್ಣ ದಾಟಿದ್ದನ್ನು ನೋಡಿ ಅವಳೂ ಕೆಳಗಿನ ಕಂಬಿಯ ಮೇಲೆ ಕಾಲಿಟ್ಟಳು. ಆಗ ಮಾತ್ರ ಅವನು ‘ಏಯ್, ನೀನು ಬರಬೇಡ, ಬಿದ್ದೀಯ’ ಎಂದು ಕೂಗಿದ. ಹಾಗಾದರೆ ಏನೋ ಆಗುತ್ತದೆ ಎಂಬುದು ಅವನಿಗೂ ಗೊತ್ತಿತ್ತು.

ಮುಂದಿನ ಚಾರಣಕ್ಕೆ ಜೊತೆಯಾಗುತ್ತೇವೆಂದು ಕೆಲವರು ಹೇಳಿದ್ದೀರಿ, ಸಂತೋಷ. ಕಂಬಿ ದಾಟುವವರ ಫೋಟೋ ನಾನು ತೆಗೆಯುವುದಿಲ್ಲ, ಮೊದಲೇ ಹೇಳಿಬಿಟ್ಟಿದ್ದೇನೆ. ‘ಒಂದೇ ಒಂದು, ಬೇಗ ಬಂದುಬಿಡುತ್ತೇನೆ’ ಎಂದು ಫೋನನ್ನು ನನ್ನ ಕೈಗೆ ಕೊಟ್ಟು ಆಚೆ ಹಾರಿದವರು ಅದನ್ನು ವಾಪಸು ಪಡೆಯಲು ವಾಹನ ನಿಲ್ಲಿಸಿದ ಜಾಗದವರೆಗೆ ನನ್ನ ಹಿಂದೆಯೇ ನಡೆದುಬರಬೇಕಾಗುತ್ತದೆ.